ಜುಲೈ 4ರ ಬ್ರಿಟನ್ ಚುನಾವಣೆ: ಸಮೀಕ್ಷೆಗಳ ಮುನ್ನಡೆಯನ್ನು ಸ್ಥಾನಗಳ ಲೆಕ್ಕಕ್ಕೆ ತರುವುದು ಹೇಗೆ?

ಥೇಮ್ಸ್ ದಂಡೆ | 20 ಜೂನ್ 2024

ಮತದಾನಕ್ಕೆ ಇನ್ನು ಎರಡು ವಾರ ಇದೆ. ನಿನ್ನೆ ಒಂದೇ ದಿನ ಮೂರು ಸಂಸ್ಥೆಗಳು ತಮ್ಮ ಕ್ಷೇತ್ರವಾರು ಅಂದಾಜುಗಳನ್ನು ಪ್ರಕಟಿಸಿವೆ. ಯೂಗವ್ ಲೇಬರ್ ಪಕ್ಷಕ್ಕೆ 425, ಕನ್ಸರ್ವೇಟಿವ್ ಪಕ್ಷಕ್ಕೆ 108 ಸ್ಥಾನ ಕೊಟ್ಟಿದೆ. ಸವಾಂಟಾ ಲೆಕ್ಕದಲ್ಲಿ ಲೇಬರ್ 516ಕ್ಕೆ ಏರುತ್ತದೆ, ಕನ್ಸರ್ವೇಟಿವ್ 53ಕ್ಕೆ ಕುಸಿಯುತ್ತದೆ. ಮೋರ್ ಇನ್ ಕಾಮನ್ ಸಂಸ್ಥೆಯ ಅಂಕಿ 406 ಮತ್ತು 155. ಕಾಮನ್ಸ್ ಸಭೆಯ 650 ಸ್ಥಾನಗಳಲ್ಲಿ ಬಹುಮತಕ್ಕೆ 326 ಸಾಕಾಗುವುದರಿಂದ, ಸರ್ಕಾರ ಯಾರದೆಂಬ ಪ್ರಶ್ನೆಗೆ ಮೂರೂ ಸಂಸ್ಥೆಗಳ ಉತ್ತರ ಒಂದೇ ಆಗಿದೆ. ಆದರೆ ಹದಿನಾಲ್ಕು ವರ್ಷ ಆಳಿದ ಪಕ್ಷವೊಂದು 155 ಸ್ಥಾನಗಳೊಂದಿಗೆ ವಿರೋಧ ಪಕ್ಷದ ಸಾಲಿನಲ್ಲಿ ಕೂರುವುದಕ್ಕೂ, 53ಕ್ಕಿಳಿದು ಅಧಿಕೃತ ವಿರೋಧ ಪಕ್ಷದ ಪಟ್ಟವನ್ನೇ ಲಿಬರಲ್ ಡೆಮಾಕ್ರಾಟರಿಗೆ ಬಿಟ್ಟುಕೊಡುವ ಅಂಚಿಗೆ ಬರುವುದಕ್ಕೂ ಅಜಗಜಾಂತರವಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಗಳ ಮುಖಪುಟದಲ್ಲಿ ದಿನವೂ ಕಾಣುವ ‘ಲೇಬರ್ 20 ಅಂಶ ಮುಂದೆ’ ಎಂಬ ಅಂಕಿಯಿಂದ (ಒಂದು ಅಂಶ ಎಂದರೆ ಒಟ್ಟು ಮತದ ಶೇ 1) ಈ ಬಾರಿ ತಿಳಿಯುವುದು ಬಹಳ ಕಡಿಮೆ. ಮೂರು ಸಂಗತಿಗಳನ್ನು ಗಮನಿಸಬೇಕು: ಬಲಪಂಥದ ಮತಗಳು ಕನ್ಸರ್ವೇಟಿವ್ ಮತ್ತು ಅದಕ್ಕಿಂತಲೂ ಬಲಕ್ಕಿರುವ ರಿಫಾರ್ಮ್ ಪಕ್ಷಗಳ ನಡುವೆ ಯಾವ ಪ್ರಮಾಣದಲ್ಲಿ ಒಡೆಯುತ್ತವೆ, ಕನ್ಸರ್ವೇಟಿವ್ ಮತ ಎಲ್ಲಿ ಹೆಚ್ಚಾಗಿ ಕರಗುತ್ತದೆ, ಮತ್ತು ಕನ್ಸರ್ವೇಟಿವ್ ಪಕ್ಷವನ್ನು ಸೋಲಿಸಲೆಂದೇ ಮತ ಹಾಕುವವರು ಆಯಾ ಕ್ಷೇತ್ರದಲ್ಲಿ ಯಾರ ಹಿಂದೆ ಒಗ್ಗೂಡುತ್ತಾರೆ. ಲಿಬರಲ್ ಡೆಮಾಕ್ರಾಟರನ್ನೇ ನೋಡಿ. 2019ರಲ್ಲಿ ಅವರಿಗೆ ಬಂದದ್ದು ಶೇ 11.5ರಷ್ಟು ಮತ ಮತ್ತು 11 ಸ್ಥಾನ. ಈಗಲೂ ಸಮೀಕ್ಷೆಗಳಲ್ಲಿ ಅವರು ಶೇ 11-12ರ ಆಸುಪಾಸಿನಲ್ಲೇ ಇದ್ದಾರೆ, ಆದರೂ ಯೂಗವ್ ಅವರಿಗೆ 67 ಸ್ಥಾನ ಕೊಡುತ್ತಿದೆ. ಮತಪ್ರಮಾಣ ಕದಲದೆ ಸ್ಥಾನ ಆರು ಪಟ್ಟಾಗುವುದನ್ನು ರಾಷ್ಟ್ರಮಟ್ಟದ ಯಾವ ಮುನ್ನಡೆಯ ಅಂಕಿಯೂ ವಿವರಿಸುವುದಿಲ್ಲ.

ಸದಸ್ಯರು ತಮ್ಮ ಕ್ಷೇತ್ರದ ಸ್ಥಿತಿಯನ್ನು ತಿಳಿಸಿದರೆ ಚರ್ಚೆಗೆ ತೂಕ ಬರುತ್ತದೆ. ಯಾರಿಗೆ ಮತ ಹಾಕಬೇಕೆಂಬ ಉಪದೇಶ ಬೇಡ.

ಅಂಕಿಗಾರ | 20 ಜೂನ್ 2024

ಒಂದೇ ವಾರದ ಸಮೀಕ್ಷೆಗಳು 53 ಮತ್ತು 155ರಷ್ಟು ದೂರ ನಿಲ್ಲುವುದೇಕೆ ಎಂಬುದನ್ನು ವಿವರಿಸುವುದು ಒಳ್ಳೆಯದು, ಇಲ್ಲವಾದರೆ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂಬ ಭಾವನೆ ಉಳಿದುಬಿಡುತ್ತದೆ.

ಮಾಮೂಲಿ ಸಮೀಕ್ಷೆಯಲ್ಲಿ ಸಾವಿರದಿಂದ ಎರಡು ಸಾವಿರ ಜನರನ್ನು ಕೇಳುತ್ತಾರೆ. ಅದರಿಂದ ಇಡೀ ಬ್ರಿಟನ್ನಿನ ಮತಪ್ರಮಾಣವನ್ನು ಮೂರು ಅಂಶ ಹೆಚ್ಚು ಕಡಿಮೆಯಾಗಿ ಹೇಳಬಹುದೇ ಹೊರತು 650 ಕ್ಷೇತ್ರಗಳ ಬಗ್ಗೆ ಏನನ್ನೂ ಹೇಳಲಾಗದು, ಏಕೆಂದರೆ ಕ್ಷೇತ್ರವೊಂದಕ್ಕೆ ಎರಡು ಮೂರು ಜನವೂ ಸಿಕ್ಕಿರುವುದಿಲ್ಲ. ಎಂಆರ್‌ಪಿ ಎಂದು ಕರೆಯುವ ವಿಧಾನದಲ್ಲಿ ಹತ್ತಾರು ಸಾವಿರ ಜನರನ್ನು ಕೇಳಿ, ವಯಸ್ಸು, ಶಿಕ್ಷಣ, ಹಿಂದಿನ ಚುನಾವಣೆಯಲ್ಲಿ ಹಾಕಿದ ಮತ, ಬ್ರೆಕ್ಸಿಟ್ ಜನಮತದಲ್ಲಿ ತೆಗೆದುಕೊಂಡ ನಿಲುವು ಇತ್ಯಾದಿಗಳ ಮೇಲೆ ಯಾವ ಬಗೆಯ ಮತದಾರ ಯಾರ ಕಡೆ ವಾಲುತ್ತಾನೆಂದು ಮಾದರಿ ಕಟ್ಟುತ್ತಾರೆ. ಆನಂತರ ಪ್ರತಿ ಕ್ಷೇತ್ರದಲ್ಲೂ ಅಂಥ ಮತದಾರರು ಎಷ್ಟಿದ್ದಾರೆಂದು ಜನಗಣತಿಯ ಅಂಕಿಗಳಿಂದ ಲೆಕ್ಕ ಹಾಕಿ ಫಲಿತಾಂಶವನ್ನು ಅಂದಾಜಿಸುತ್ತಾರೆ. ಆದ್ದರಿಂದ ನಿಮ್ಮ ಕ್ಷೇತ್ರದ ಎದುರು ಬರೆದಿರುವ ಅಂಕಿ ನಿಮ್ಮ ಊರಿನವರನ್ನು ಕೇಳಿ ಬಂದದ್ದಲ್ಲ, ನಿಮ್ಮಂಥವರು ಬೇರೆ ಬೇರೆ ಊರುಗಳಲ್ಲಿ ಹೇಳಿದ್ದನ್ನು ನಿಮ್ಮ ಊರಿಗೆ ಹೊಂದಿಸಿ ಬಂದದ್ದು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. 2019ರಲ್ಲಿ ಕನ್ಸರ್ವೇಟಿವ್ ಪಕ್ಷ ಶೇ 43.6 ಮತ ಪಡೆದಿತ್ತು. ಈಗ ಶೇ 20-22ರಲ್ಲಿದೆ. ಅಂದರೆ ಸುಮಾರು 22 ಅಂಶಗಳ ಕುಸಿತ. ಹಳೆಯ ಪದ್ಧತಿಯಲ್ಲಿ ಎಲ್ಲ ಕ್ಷೇತ್ರಗಳಲ್ಲೂ ಒಂದೇ ಸಮನಾಗಿ 22 ಅಂಶ ಕಳೆಯುತ್ತಿದ್ದರು. ಆದರೆ ಕಳೆದ ಬಾರಿ ಶೇ 18 ಮಾತ್ರ ಬಂದಿದ್ದ ಕ್ಷೇತ್ರದಲ್ಲಿ 22ನ್ನು ಕಳೆಯುವುದು ಹೇಗೆ? ದುರ್ಬಲ ಕ್ಷೇತ್ರಗಳಲ್ಲಿ ಕಳೆದುಕೊಳ್ಳಲು ಅಷ್ಟೊಂದು ಮತವೇ ಇಲ್ಲದ ಮೇಲೆ, ಆ ಕುಸಿತವನ್ನು ಪಕ್ಷದ ಭದ್ರಕೋಟೆಗಳೇ ಭರಿಸಬೇಕಾಗುತ್ತದೆ. ಶೇ 60 ಪಡೆದಿದ್ದ ಕ್ಷೇತ್ರ ಶೇ 30ಕ್ಕೆ ಬಂದರೆ ನೂರಾರು ಸುರಕ್ಷಿತ ಸ್ಥಾನಗಳು ಒಮ್ಮೆಲೇ ಅಂಚಿಗೆ ಬರುತ್ತವೆ. ಹೀಗೆ ಅಂಚಿಗೆ ಬಂದ ಕ್ಷೇತ್ರಗಳಲ್ಲಿ ಮಾದರಿ ಕೆಲವು ಅಂಶ ಅತ್ತ ಇತ್ತ ಸರಿದರೆ 53 ಇದ್ದದ್ದು 155 ಆಗುತ್ತದೆ. ಮೂರು ಸಂಸ್ಥೆಗಳ ನಡುವಿನ ನಿಜವಾದ ಭಿನ್ನಾಭಿಪ್ರಾಯ ಕೆಲವೇ ಅಂಶಗಳದ್ದು, ಸ್ಥಾನಗಳಲ್ಲಿ ಅದು ದೊಡ್ಡದಾಗಿ ಕಾಣುತ್ತಿದೆ.

ಹಳೆಯ ಓದುಗ | 20 ಜೂನ್ 2024

ನಾನು ಈ ದೇಶಕ್ಕೆ ಬಂದದ್ದು 1980ರ ದಶಕದ ಆರಂಭದಲ್ಲಿ. ಮತಪ್ರಮಾಣಕ್ಕೂ ಸ್ಥಾನಕ್ಕೂ ತಾಳಮೇಳವಿಲ್ಲದಿರುವುದನ್ನು ನಾನು ಮೊದಲು ಕಂಡದ್ದು 1983ರಲ್ಲಿ: ಲಿಬರಲ್ ಮತ್ತು ಎಸ್‌ಡಿಪಿ ಮೈತ್ರಿಕೂಟಕ್ಕೆ ಶೇ 25ಕ್ಕೂ ಹೆಚ್ಚು ಮತ ಬಂದರೂ ದಕ್ಕಿದ್ದು 23 ಸ್ಥಾನ. 2015ರಲ್ಲಿ ಯುಕಿಪ್ ಪಕ್ಷ ಶೇ 12.6 ಮತ ಪಡೆದು ಒಂದೇ ಒಂದು ಸ್ಥಾನ ಗೆದ್ದಿತು, ಅದೇ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷ (ಎಸ್‌ಎನ್‌ಪಿ) ಶೇ 5ಕ್ಕೂ ಕಡಿಮೆ ಮತದಲ್ಲಿ 56 ಸ್ಥಾನ ಬಾಚಿಕೊಂಡಿತು.

ಆದರೆ ಸಮೀಕ್ಷೆಗಳ ಮೇಲೆ ಇಷ್ಟು ಭರವಸೆ ಇಡುವ ಮುನ್ನ 1992ನ್ನು ನೆನೆಯಬೇಕು. ಕೊನೆಯ ದಿನಗಳ ಬಹುತೇಕ ಸಮೀಕ್ಷೆಗಳು ಲೇಬರ್ ಕೂದಲೆಳೆಯಷ್ಟು ಮುಂದಿದೆ ಎಂದಿದ್ದವು. ಶೆಫೀಲ್ಡಿನ ಸಭೆಯಲ್ಲಿ ಲೇಬರ್ ನಾಯಕ ಕಿನ್ನಕ್ ಗೆದ್ದವರಂತೆಯೇ ಬೀಗಿದ್ದರು. ಮತಪೆಟ್ಟಿಗೆ ತೆರೆದಾಗ ಕನ್ಸರ್ವೇಟಿವ್ ಪ್ರಧಾನಿ ಜಾನ್ ಮೇಜರ್ ಏಳಕ್ಕೂ ಹೆಚ್ಚು ಅಂಶಗಳಿಂದ ಗೆದ್ದು 336 ಸ್ಥಾನ ಪಡೆದಿದ್ದರು. 2015ರಲ್ಲೂ ಅದೇ ಕಥೆ: ಎರಡೂ ಪಕ್ಷ ಶೇ 34ರಲ್ಲಿ ಸಮಸಮ, ಅತಂತ್ರ ಸಂಸತ್ತು ಖಚಿತ ಎಂದವರೆಲ್ಲ ಎಣಿಕೆ ಮುಗಿಯುವಷ್ಟರಲ್ಲಿ ಬಾಯಿ ಮುಚ್ಚಬೇಕಾಯಿತು, ಬಹುಮತ ಕನ್ಸರ್ವೇಟಿವ್ ಪಕ್ಷಕ್ಕೆ ಬಂದಿತ್ತು. ತನಿಖೆಗೆ ಸಮಿತಿ ಕೂತು, ಸಮೀಕ್ಷೆಗೆ ಸಿಕ್ಕ ಜನರಲ್ಲೇ ಲೇಬರ್ ಪರರು ಹೆಚ್ಚಿದ್ದರು, ಮಾದರಿಯೇ ದೇಶವನ್ನು ಪ್ರತಿನಿಧಿಸುತ್ತಿರಲಿಲ್ಲ ಎಂದು ಹೇಳಿತು. 2017ರಲ್ಲಿ ಮತ್ತೆ ಉಲ್ಟಾ ಹೊಡೆಯಿತು. ಇಪ್ಪತ್ತು ಅಂಶ ಮುಂದಿದ್ದೇನೆಂದು ಅವಧಿಗೆ ಮುನ್ನ ಚುನಾವಣೆಗೆ ಹೋದ ಕನ್ಸರ್ವೇಟಿವ್ ಪ್ರಧಾನಿ ತೆರೇಸಾ ಮೇ ಇದ್ದ ಬಹುಮತವನ್ನೂ ಕಳೆದುಕೊಂಡು 317ಕ್ಕೆ ನಿಂತರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡಿ ಎಂದಷ್ಟೇ ನನ್ನ ಸಲಹೆ.

ಥೇಮ್ಸ್ ದಂಡೆ | 21 ಜೂನ್ 2024

ಹಳೆಯ ಓದುಗರೇ, ತಾವು ಹೇಳಿದ ಇತಿಹಾಸದಲ್ಲೇ ನನ್ನ ವಾದಕ್ಕೂ ಆಧಾರ ಸಿಗುತ್ತದೆ. 1992 ಮತ್ತು 2015ರಲ್ಲಿ ಸಮೀಕ್ಷೆಗಳು ಆರೇಳೆಂಟು ಅಂಶ ತಪ್ಪಿದ್ದವು, ಸ್ಪರ್ಧೆ ಸಮಬಲದ್ದಾಗಿದ್ದರಿಂದ ಆ ತಪ್ಪು ಫಲಿತಾಂಶವನ್ನೇ ತಲೆಕೆಳಗಾಗಿಸಿತು. ಈಗಿರುವ 20 ಅಂಶಗಳ ಮುನ್ನಡೆಯಿಂದ ಎಂಟನ್ನು ಕಳೆದರೂ ಹನ್ನೆರಡು ಉಳಿಯುತ್ತದೆ. ಅದೂ ಅಲ್ಲದೆ ಈ ಮುನ್ನಡೆ ನಿನ್ನೆ ಮೊನ್ನೆ ಬಂದದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರ್ಕಾರದ ಕಿರು ಬಜೆಟ್ಟಿನಿಂದ ಪೌಂಡ್ ನೆಲಕಚ್ಚಿ ಗೃಹಸಾಲದ ಬಡ್ಡಿ ಏರಿದ ಮೇಲೆ ಪಕ್ಷ ಚೇತರಿಸಿಕೊಳ್ಳಲೇ ಇಲ್ಲ. ರಿಷಿ ಸುನಕ್ ಪ್ರಧಾನಿಯಾಗಿ ಬಂದ ಮೇಲೆ ಹಣದುಬ್ಬರ ಇಳಿಯಿತು, ಸಮೀಕ್ಷೆ ಏರಲಿಲ್ಲ.

ಸಮೀಕ್ಷೆಗಳನ್ನು ನಂಬದವರು ನಿಜವಾದ ಮತಗಳನ್ನಾದರೂ ನೋಡಬಹುದು. ಫೆಬ್ರವರಿಯಲ್ಲಿ ವೆಲಿಂಗ್‌ಬರೋ, ಮೇ ತಿಂಗಳಲ್ಲಿ ಬ್ಲ್ಯಾಕ್‌ಪೂಲ್ ಸೌತ್ ಉಪಚುನಾವಣೆಗಳಲ್ಲಿ ಕನ್ಸರ್ವೇಟಿವ್‌ನಿಂದ ಲೇಬರ್ ಕಡೆಗೆ ಶೇ 25ಕ್ಕೂ ಮೀರಿದ ವಾಲಿಕೆ ಕಂಡುಬಂದಿತ್ತು.

ಪ್ರಚಾರದಲ್ಲಾದರೂ ಸುಧಾರಿಸಿಕೊಂಡರೇ ಎಂದರೆ ಅದೂ ಇಲ್ಲ. ಮೇ 22ರಂದು ಸುನಕ್ ಡೌನಿಂಗ್ ಸ್ಟ್ರೀಟಿನಲ್ಲಿ ಕೊಡೆಯೂ ಇಲ್ಲದೆ ಸುರಿಮಳೆಯಲ್ಲಿ ನಿಂತು ಚುನಾವಣೆಯ ಘೋಷಣೆ ಮಾಡಿದ್ದು, ಜೂನ್ 6ರಂದು ನಾರ್ಮಂಡಿಯ ಸ್ಮರಣೆ ಕಾರ್ಯಕ್ರಮದಿಂದ ಅರ್ಧಕ್ಕೆ ಎದ್ದು ಬಂದು ಮರುದಿನ ಕ್ಷಮೆ ಕೇಳಿದ್ದು, ಈಗ ಚುನಾವಣೆಯ ದಿನಾಂಕದ ಮೇಲೆ ಪಕ್ಷದವರೇ ಬಾಜಿ ಕಟ್ಟಿದ ಪ್ರಕರಣ. ಇವೆಲ್ಲದರ ನಡುವೆ ಜೂನ್ 3ರಂದು ಬ್ರೆಕ್ಸಿಟ್ ಪರ ಹೋರಾಟದ ಮುಖಂಡ ನೈಜಲ್ ಫರಾಜ್ ತಾವೇ ಕ್ಲ್ಯಾಕ್ಟನ್‌ನಿಂದ ಸ್ಪರ್ಧಿಸುವುದಾಗಿ ಹೇಳಿ ರಿಫಾರ್ಮ್ ಪಕ್ಷದ ನಾಯಕತ್ವ ವಹಿಸಿಕೊಂಡರು. ಹತ್ತೇ ದಿನಗಳಲ್ಲಿ ಯೂಗವ್ ಸಮೀಕ್ಷೆಯೊಂದು ರಿಫಾರ್ಮ್‌ಗೆ ಶೇ 19, ಕನ್ಸರ್ವೇಟಿವ್‌ಗೆ ಶೇ 18 ತೋರಿಸಿತು.

ಹುಬ್ಬಳ್ಳಿಯಿಂದ | 21 ಜೂನ್ 2024

ಕನ್ನಡ ಓದುಗರಿಗೆ ಮತಪ್ರಮಾಣದ ವಿಷಯವನ್ನು ತಿಳಿಸಲು ಇಂಗ್ಲೆಂಡಿನವರೆಗೆ ಹೋಗುವ ಅಗತ್ಯವಿಲ್ಲ. 2018ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ 38, ಬಿಜೆಪಿಗೆ ಶೇ 36 ಮತ ಬಂದಿತ್ತು. ಆದರೂ 104 ಸ್ಥಾನ ಗೆದ್ದು ದೊಡ್ಡ ಪಕ್ಷವಾದದ್ದು ಬಿಜೆಪಿ. 2023ರಲ್ಲಿ ಅದೇ ಶೇ 36 ಮತ ಉಳಿಸಿಕೊಂಡ ಬಿಜೆಪಿ 66ಕ್ಕೆ ಇಳಿಯಿತು, ಏಕೆಂದರೆ ಎದುರಿನ ಮತ ಈ ಸಲ ಕಾಂಗ್ರೆಸ್ ಕಡೆ ಕ್ರೋಡೀಕರಣವಾಯಿತು. ಲಿಬರಲ್ ಡೆಮಾಕ್ರಾಟರ 11 ಮತ್ತು 67ರ ಕಥೆಯೂ ಇದೇ ಜಾತಿಯದೆಂದು ತೋರುತ್ತದೆ.

ಆದರೆ ನನ್ನ ಅನುಮಾನ ಬೇರೆ. ಈ ಜೂನ್ 1ರ ಸಂಜೆ ನಮ್ಮ ವಾಹಿನಿಗಳ ಎಕ್ಸಿಟ್ ಪೋಲ್‌ಗಳು ಎನ್‌ಡಿಎ 350 ದಾಟುತ್ತದೆ ಎಂದು ಸಾರಿದವು, ಬಂದದ್ದು 293. ಮತ ಹಾಕಿ ಹೊರಬಂದವರನ್ನು ಕೇಳಿಯೂ ಹೀಗೆ ತಪ್ಪಿದ ಮೇಲೆ, ಮತ ಹಾಕುವ ಎರಡು ವಾರ ಮೊದಲೇ ಕಂಪ್ಯೂಟರ್ ಮುಂದೆ ಕೂತವರನ್ನು ಕೇಳಿ 516 ಎನ್ನುವವರನ್ನು ಹೇಗೆ ನಂಬುವುದು? ಅದೇ ಸವಾಂಟಾ ನಮ್ಮ ಸುಧಾ ಮೂರ್ತಿಯವರ ಅಳಿಯ ರಿಷಿ ಸುನಕ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋಲಬಹುದು ಎಂದಿದೆ. ಇಲ್ಲಿನ ಪತ್ರಿಕೆಗಳಿಗೆ ಅಷ್ಟೇ ಸಾಕಾಗಿದೆ, ಉಳಿದ 649 ಕ್ಷೇತ್ರ ಯಾರಿಗೂ ಬೇಡ.

ಅಂಕಿಗಾರ | 21 ಜೂನ್ 2024

ಹೋಲಿಕೆಯಲ್ಲಿ ಒಂದು ವ್ಯತ್ಯಾಸವಿದೆ. ಬ್ರಿಟನ್ನಿನಲ್ಲಿ ಬಿಬಿಸಿ, ಐಟಿವಿ ಮತ್ತು ಸ್ಕೈ ಸೇರಿ ಒಂದೇ ಮತಗಟ್ಟೆ ಸಮೀಕ್ಷೆ ನಡೆಸುತ್ತವೆ. ಸುಮಾರು 130 ಮತಗಟ್ಟೆಗಳ ಹೊರಗೆ ಮತ ಹಾಕಿ ಬಂದವರ ಕೈಗೆ ನಕಲಿ ಮತಪತ್ರ ಕೊಟ್ಟು, ಒಳಗೆ ಗುರುತು ಹಾಕಿದಂತೆಯೇ ಇಲ್ಲೂ ಗುಟ್ಟಾಗಿ ಗುರುತು ಹಾಕಿ ಪೆಟ್ಟಿಗೆಗೆ ಹಾಕಲು ಹೇಳುತ್ತಾರೆ. ಸಾಧ್ಯವಾದ ಮಟ್ಟಿಗೆ ಕಳೆದ ಬಾರಿಯ ಮತಗಟ್ಟೆಗಳಿಗೇ ಹೋಗುವುದರಿಂದ, ಅಲ್ಲಿ ಅಂದಿಗೂ ಇಂದಿಗೂ ಎಷ್ಟು ಬದಲಾಗಿದೆ ಎಂಬುದನ್ನು ಅಳೆಯುತ್ತಾರೆ. ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಜಾನ್ ಕರ್ಟಿಸ್ ಮತ್ತು ಅವರ ತಂಡ ಮಾಡುವ ಈ ಲೆಕ್ಕ 2017ರಲ್ಲಿ ಕನ್ಸರ್ವೇಟಿವ್‌ಗೆ 314 ಎಂದಿತು, ಬಂದದ್ದು 317. 2019ರಲ್ಲಿ 368 ಎಂದಿತು, ಬಂದದ್ದು 365. ಆದ್ದರಿಂದ ಜುಲೈ 4ರ ರಾತ್ರಿ ಹತ್ತರ ಅಂಕಿಯನ್ನು ನಾನು ನಂಬುತ್ತೇನೆ. ಈಗಿನ ಅಂಕಿಗಳ ವಿಷಯದಲ್ಲಿ ಅಷ್ಟು ಧೈರ್ಯ ಸಾಲದು.

ಕ್ಲೈಡ್ ತೀರ | 22 ಜೂನ್ 2024

ಗ್ಲಾಸ್ಗೋದಿಂದ ಬರೆಯುತ್ತಿದ್ದೇನೆ. ನಿಮ್ಮ ಚರ್ಚೆಯಲ್ಲಿ ಸ್ಕಾಟ್ಲೆಂಡ್ ಬಂದೇ ಇಲ್ಲ. ಇಲ್ಲಿ ಸ್ಪರ್ಧೆ ಇರುವುದು ಲೇಬರ್ ಮತ್ತು ಎಸ್‌ಎನ್‌ಪಿ ನಡುವೆ, ಕನ್ಸರ್ವೇಟಿವ್ ಬಹುಪಾಲು ಕ್ಷೇತ್ರಗಳಲ್ಲಿ ಲೆಕ್ಕಕ್ಕಿಲ್ಲ. ಕ್ಷೇತ್ರ ಪುನರ್ವಿಂಗಡಣೆಯ ನಂತರ ನಮಗಿರುವುದು 57 ಸ್ಥಾನ. 2019ರಲ್ಲಿ ಶೇ 45 ಮತದಿಂದ 59ರಲ್ಲಿ 48 ಗೆದ್ದ ಎಸ್‌ಎನ್‌ಪಿ ಈಗ ಶೇ 30ರ ಆಸುಪಾಸಿನಲ್ಲಿದೆ, ಲೇಬರ್ ಅದಕ್ಕಿಂತ ಕೆಲವೇ ಅಂಶ ಮುಂದಿದೆ. ಯೂಗವ್ ಎಸ್‌ಎನ್‌ಪಿಗೆ 20 ಸ್ಥಾನ ಕೊಟ್ಟಿದೆ.

ಗ್ಲಾಸ್ಗೋದಿಂದ ಎಡಿನ್‌ಬರೋವರೆಗಿನ ನಡುಪಟ್ಟಿಯಲ್ಲಿ ಹೆಚ್ಚಿನ ಕ್ಷೇತ್ರಗಳು ಒಂದರಂತೆ ಒಂದಿವೆ. ಆದ್ದರಿಂದ ಇಲ್ಲಿ ಸ್ಥಾನಗಳು ಒಂದೊಂದಾಗಿ ಬೀಳುವುದಿಲ್ಲ, ಬಿದ್ದರೆ ಸಾಲಾಗಿ ಬೀಳುತ್ತವೆ. 2015ರಲ್ಲಿ ಲೇಬರ್ ಹಾಗೆಯೇ ಬಿದ್ದಿತ್ತು. ಎಸ್‌ಎನ್‌ಪಿ ಪಕ್ಷದ ಹಣಕಾಸಿನ ಮೇಲಿನ ಪೊಲೀಸ್ ತನಿಖೆ, ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆಯಾಗಿದ್ದ ಸ್ಟರ್ಜನ್ ನಂತರ ಬಂದ ಹಮ್ಜಾ ಯೂಸುಫ್ ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟದ್ದು, ಜಾನ್ ಸ್ವಿನ್ನಿ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಚುನಾವಣೆ ಬಂದದ್ದು, ಇವೆಲ್ಲ ಸೇರಿ ಕಾರ್ಯಕರ್ತರ ಉತ್ಸಾಹವೇ ಇಳಿದಿದೆ. ಸ್ಕಾಟ್ಲೆಂಡಿನ ಸ್ವಾತಂತ್ರ್ಯಕ್ಕಿರುವ ಬೆಂಬಲ ಕಡಿಮೆಯಾಗಿಲ್ಲ. ಆದರೆ ಸ್ವಾತಂತ್ರ್ಯ ಬೇಕೆನ್ನುವವರಲ್ಲೂ ಒಂದಷ್ಟು ಜನ ಈ ಸಲ ಕನ್ಸರ್ವೇಟಿವ್ ಪಕ್ಷವನ್ನು ಮನೆಗೆ ಕಳಿಸಿದರೆ ಸಾಕೆಂದು ಲೇಬರ್‌ಗೆ ಹಾಕುತ್ತಿದ್ದಾರೆ. 20 ಎಂಬುದು ನನಗೆ ಉದಾರವಾದ ಅಂಕಿಯಾಗಿ ಕಾಣುತ್ತದೆ.

ಹೊಸ ಸದಸ್ಯೆ | 22 ಜೂನ್ 2024

ಸ್ವಲ್ಪ ಬೇರೆ ಪ್ರಶ್ನೆ, ಕ್ಷಮಿಸಿ. ನಾನು ವಿದ್ಯಾರ್ಥಿ ವೀಸಾದಲ್ಲಿದ್ದೇನೆ, ಭಾರತದ ಪಾಸ್‌ಪೋರ್ಟ್. ಜೊತೆಯವರು ಹೇಳಿದರೆಂದು ಈ ತಿಂಗಳ ಆರಂಭದಲ್ಲಿ ನೋಂದಾಯಿಸಿಕೊಂಡೆ, ಮತದಾರರ ಚೀಟಿಯೂ ಅಂಚೆಯಲ್ಲಿ ಬಂದಿದೆ. ಪೌರತ್ವವಿಲ್ಲದೆ ನಿಜವಾಗಿಯೂ ಮತ ಹಾಕಬಹುದೇ? ಸಮೀಕ್ಷೆಗಳಲ್ಲಿ ನಮ್ಮಂಥವರು ಲೆಕ್ಕಕ್ಕೆ ಬರುತ್ತೇವೆಯೇ?

ಥೇಮ್ಸ್ ದಂಡೆ | 22 ಜೂನ್ 2024

ಖಂಡಿತ ಹಾಕಬಹುದಮ್ಮ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ವಾಸಕ್ಕೆ ಅನುಮತಿಯುಳ್ಳ ಭಾರತೀಯ ಪ್ರಜೆಗಳಿಗೆ ಸಾರ್ವತ್ರಿಕ ಚುನಾವಣೆಯಲ್ಲೂ ಮತದಾನದ ಹಕ್ಕಿದೆ. ನೋಂದಣಿಯ ಗಡುವು ಜೂನ್ 18ಕ್ಕೆ ಮುಗಿದಿರುವುದರಿಂದ ನೀವು ಮುಂಚಿತವಾಗಿ ಮಾಡಿಸಿದ್ದು ಒಳ್ಳೆಯದಾಯಿತು. ಭಾವಚಿತ್ರವಿರುವ ಗುರುತಿನ ದಾಖಲೆಯನ್ನು ಮರೆಯದೆ ಒಯ್ಯಿರಿ. ಸಾರ್ವತ್ರಿಕ ಚುನಾವಣೆಗೆ ಈ ನಿಯಮ ಅನ್ವಯವಾಗುತ್ತಿರುವುದು ಇದೇ ಮೊದಲು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮತದಾರರ ಚೀಟಿ ಕಡ್ಡಾಯವಲ್ಲ. ಮತಗಟ್ಟೆ ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ.

ಸಮೀಕ್ಷೆಯ ಪ್ರಶ್ನೆಗೆ ಅಂಕಿಗಾರರು ಉತ್ತರಿಸಲಿ. ಹೊಸದಾಗಿ ಬಂದವರು ಆನ್‌ಲೈನ್ ಸಮೀಕ್ಷಾ ಸಂಸ್ಥೆಗಳ ಸದಸ್ಯರ ಪಟ್ಟಿಗಳಲ್ಲಿ ವಿರಳ ಎಂಬುದು ನನ್ನ ಊಹೆ.

ಲೆಸ್ಟರ್ ನಿವಾಸಿ | 23 ಜೂನ್ 2024

ಆ ಪ್ರಶ್ನೆ ನಮ್ಮೂರಿಗೆ ನೇರವಾಗಿ ಸಂಬಂಧಿಸಿದ್ದು. ಎಂಆರ್‌ಪಿ ನಕ್ಷೆಗಳಲ್ಲಿ ಲೆಸ್ಟರ್ ಈಸ್ಟ್ ನಿರಾತಂಕವಾಗಿ ಕೆಂಪಾಗಿದೆ, ಅಂದರೆ ಲೇಬರ್ ಬಣ್ಣದಲ್ಲಿದೆ. ಕಣದಲ್ಲಿರುವವರನ್ನು ನೋಡಿದರೆ ಆ ನಿರಾತಂಕ ಉಳಿಯುವುದಿಲ್ಲ. ಮೂವತ್ತೆರಡು ವರ್ಷ ಇಲ್ಲಿಂದ ಲೇಬರ್ ಸಂಸದರಾಗಿದ್ದ ಕೀತ್ ವಾಜ್ ಈಗ ಬೇರೆ ಪಕ್ಷದ ಹೆಸರಿನಲ್ಲಿ ನಿಂತಿದ್ದಾರೆ. 2019ರಲ್ಲಿ ಲೇಬರ್‌ನಿಂದ ಗೆದ್ದ ಕ್ಲಾಡಿಯಾ ವೆಬ್ ಪಕ್ಷೇತರರಾಗಿ ನಿಂತಿದ್ದಾರೆ. ಮೂರು ಕಡೆ ಹರಿದು ಹಂಚಿಹೋಗುವ ಲೇಬರ್ ಮತ ಒಂದು ಕಡೆ. ಇನ್ನೊಂದು ಕಡೆ 2022ರ ಗಲಭೆಯ ನಂತರ ಲೇಬರ್‌ನಿಂದ ದೂರ ಸರಿದ ಗುಜರಾತಿ ಹಿಂದೂ ಮತದಾರರು. ಪಕ್ಕದ ಲೆಸ್ಟರ್ ಸೌತ್‌ನಲ್ಲಿ ಗಾಜಾ ವಿಷಯ ಪ್ರಬಲವಾಗಿದೆ. ಲೇಬರ್‌ನ ಹಿರಿಯ ಮುಖಂಡ ಜೊನಾಥನ್ ಆ್ಯಶ್‌ವರ್ತ್ ಎದುರು ಪಕ್ಷೇತರರೊಬ್ಬರು ಮನೆ ಮನೆ ಸುತ್ತುತ್ತಿದ್ದಾರೆ.

ಅಂಕಿಗಾರರೇ ಹೇಳಿದಂತೆ ಮಾದರಿಯು ನಮ್ಮಂಥವರು ಬೇರೆ ಊರುಗಳಲ್ಲಿ ಏನು ಹೇಳಿದರೆಂದು ನೋಡಿ ನಮ್ಮೂರಿನ ಫಲಿತಾಂಶ ಹೇಳುತ್ತದೆ. ನಮ್ಮೂರಿನ ಅಭ್ಯರ್ಥಿಗಳು ಬೇರೆ ಯಾವ ಊರಲ್ಲೂ ಇಲ್ಲವಲ್ಲ.

ಅಂಕಿಗಾರ | 24 ಜೂನ್ 2024

ಲೆಸ್ಟರ್ ನಿವಾಸಿಯವರ ಆಕ್ಷೇಪ ನ್ಯಾಯವಾದದ್ದು. ಪಕ್ಷೇತರರನ್ನು ಈ ವಿಧಾನ ಸರಿಯಾಗಿ ಹಿಡಿಯಲಾರದು. ಅದಕ್ಕಿಂತ ದೊಡ್ಡ ತೊಡಕು ರಿಫಾರ್ಮ್ ಪಕ್ಷದ್ದು: 2019ರಲ್ಲಿ ಬ್ರೆಕ್ಸಿಟ್ ಪಾರ್ಟಿ ಎಂಬ ಹೆಸರಿನಲ್ಲಿದ್ದ ಅವರು ಕನ್ಸರ್ವೇಟಿವ್ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ಅಭ್ಯರ್ಥಿಯನ್ನೇ ನಿಲ್ಲಿಸಿರಲಿಲ್ಲ. ಹೋಲಿಸಲು ಹಳೆಯ ಅಂಕಿಯೇ ಇಲ್ಲದ ಕಡೆ ಅವರ ಬಲವನ್ನು ಊಹಿಸಬೇಕಾಗಿದೆ.

ಮೂರನೆಯದು ಇನ್ನೂ ತೀರ್ಮಾನಿಸದ ಮತದಾರರು. 2019ರಲ್ಲಿ ಕನ್ಸರ್ವೇಟಿವ್‌ಗೆ ಹಾಕಿದವರಲ್ಲಿ ‘ಗೊತ್ತಿಲ್ಲ’ ಎನ್ನುವವರು ಹೆಚ್ಚಿದ್ದಾರೆ. ಕೆಲವು ಸಂಸ್ಥೆಗಳು ಅವರನ್ನು ಲೆಕ್ಕದಿಂದಲೇ ಬಿಡುತ್ತವೆ. ಒಪಿನಿಯಮ್, ಮೋರ್ ಇನ್ ಕಾಮನ್ ಮುಂತಾದವು ಇವರಲ್ಲಿ ಒಂದು ಭಾಗ ಕೊನೆಗೆ ಹಳೆಯ ಪಕ್ಷಕ್ಕೇ ಮರಳುತ್ತದೆಂದು ಭಾವಿಸಿ ಲೆಕ್ಕ ಹೊಂದಿಸುತ್ತವೆ. ಮೋರ್ ಇನ್ ಕಾಮನ್ ಅಂಕಿಯಲ್ಲಿ ಕನ್ಸರ್ವೇಟಿವ್ 155ರಷ್ಟು ಮೇಲಿರುವುದಕ್ಕೆ ಇದೊಂದು ಕಾರಣ. ಮನೆಯಲ್ಲಿ ಮುನಿಸಿಕೊಂಡು ಕೂತವರು ಊಟದ ಹೊತ್ತಿಗೆ ಎದ್ದು ಬರುತ್ತಾರೋ ಇಲ್ಲವೋ ಎಂಬುದೇ ಪ್ರಶ್ನೆ. ಸ್ವಲ್ಪ ಜನ ಬಂದೇ ಬರುತ್ತಾರೆಂಬುದು ನನ್ನ ಎಣಿಕೆ, ಆದ್ದರಿಂದ ಲೇಬರ್ ಮುನ್ನಡೆ 20 ಇರದು, 15ರ ಒಳಗಿರಬಹುದು.

ಥೇಮ್ಸ್ ದಂಡೆ | 27 ಜೂನ್ 2024

ನನ್ನ ಕ್ಷೇತ್ರದ ಮಾತು ಹೇಳಬೇಕೆಂದಿದ್ದೆ. ನಾನಿರುವುದು ರೆಡಿಂಗ್ ಪಕ್ಕದ ಅರ್ಲಿ ಮತ್ತು ವುಡ್ಲಿಯಲ್ಲಿ, ಪುನರ್ವಿಂಗಡಣೆಯಲ್ಲಿ ಹೊಸದಾಗಿ ಹುಟ್ಟಿದ ಕ್ಷೇತ್ರ. ಹಿಂದಿನ ಸಂಸದರೆಂಬುವವರು ಯಾರೂ ಇಲ್ಲ. ಬೇರೆ ಬೇರೆ ಕ್ಷೇತ್ರಗಳ ತುಂಡುಗಳನ್ನು ಜೋಡಿಸಿ ಮಾಡಿದ್ದರಿಂದ ಒಂದು ಬೀದಿಯವರಿಗೆ ಲೇಬರ್ ಅಭ್ಯಾಸ, ಇನ್ನೊಂದು ಬೀದಿಯವರಿಗೆ ಲಿಬರಲ್ ಡೆಮಾಕ್ರಾಟ್ ಅಭ್ಯಾಸ.

ಈ ವಾರ ಬಾಗಿಲಿನ ಸಂದಿಯಿಂದ ಒಳಬಿದ್ದ ಕರಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದೆ. ಲೇಬರ್ ಕರಪತ್ರದಲ್ಲಿ ಒಂದು ಸ್ತಂಭಚಿತ್ರ, ಇಲ್ಲಿ ಕನ್ಸರ್ವೇಟಿವ್‌ರನ್ನು ಸೋಲಿಸಬಲ್ಲವರು ನಾವು ಮಾತ್ರ ಎಂದು. ಲಿಬರಲ್ ಡೆಮಾಕ್ರಾಟರದ್ದರಲ್ಲೂ ಒಂದು ಸ್ತಂಭಚಿತ್ರ, ಅದರಲ್ಲಿ ಅವರದೇ ಕಂಬ ಎತ್ತರ, ಲೇಬರ್ ಕಂಬ ಗಿಡ್ಡ. ಒಬ್ಬರು ಎಂಆರ್‌ಪಿ ಅಂಕಿ ಬಳಸಿದ್ದಾರೆ, ಮತ್ತೊಬ್ಬರು ಸ್ಥಳೀಯ ಸಂಸ್ಥೆ ಚುನಾವಣೆಯ ಅಂಕಿ ಬಳಸಿದ್ದಾರೆ. ಕಂಬಗಳ ಎತ್ತರಕ್ಕೂ ಕೆಳಗೆ ಸಣ್ಣಕ್ಷರದಲ್ಲಿ ಬರೆದ ಶೇಕಡಾವಾರಿಗೂ ಹೊಂದಾಣಿಕೆ ಇಲ್ಲ. ಶಾಲೆಯಲ್ಲಿ ಇಂಥ ಗ್ರಾಫ್ ಬರೆದಿದ್ದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಪಕ್ಕದ ವೋಕಿಂಗ್‌ಹ್ಯಾಮ್‌ನಲ್ಲಿ ಈ ಗೊಂದಲವಿಲ್ಲ: ಅಲ್ಲಿ ಎದುರಾಳಿ ಲಿಬರಲ್ ಡೆಮಾಕ್ರಾಟರೇ ಎಂಬುದು ಎಲ್ಲರಿಗೂ ಗೊತ್ತಿದೆ, ಲೇಬರ್ ಕಾರ್ಯಕರ್ತರು ಅತ್ತ ತಲೆಹಾಕುವುದೂ ಇಲ್ಲ. ಮತಗಳು ಎಲ್ಲಿ ಒಗ್ಗೂಡುತ್ತವೆ, ಎಲ್ಲಿ ಒಡೆಯುತ್ತವೆ ಎಂದು ನಾನು ಮೊದಲ ದಿನ ಹೇಳಿದ್ದು ಇದನ್ನೇ. ನಮ್ಮ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ಉಳಿದುಕೊಂಡರೆ ಈ ಎರಡು ಸ್ತಂಭಚಿತ್ರಗಳ ಪಾತ್ರವೂ ಅದರಲ್ಲಿರುತ್ತದೆ.

ಹುಬ್ಬಳ್ಳಿಯಿಂದ | 28 ಜೂನ್ 2024

ಅಂದರೆ ಸಮೀಕ್ಷೆ ಮತದಾರನ ಮನಸ್ಸನ್ನು ಅಳೆಯುವುದಷ್ಟೇ ಅಲ್ಲ, ಅವನ ಕೈ ಹಿಡಿದು ನಡೆಸುತ್ತಲೂ ಇದೆ. ನಮ್ಮಲ್ಲಿ ಮತದಾನ ಮುಗಿಯುವ ಮುನ್ನಿನ 48 ಗಂಟೆ ಸಮೀಕ್ಷೆ ಪ್ರಸಾರಕ್ಕೆ ನಿರ್ಬಂಧವಿದೆ. ಅಲ್ಲಿ ಇಲ್ಲವೇ?

ಹಳೆಯ ಓದುಗ | 28 ಜೂನ್ 2024

ಮತ ಹಾಕಿ ಬಂದವರನ್ನು ಕೇಳಿದ್ದನ್ನು ರಾತ್ರಿ ಹತ್ತರವರೆಗೆ ಪ್ರಕಟಿಸುವಂತಿಲ್ಲ, ಮತದಾನದ ದಿನ ಟಿವಿ, ರೇಡಿಯೊದವರು ಸಮೀಕ್ಷೆಯ ಮಾತೆತ್ತುವಂತಿಲ್ಲ. ಅಷ್ಟು ಬಿಟ್ಟರೆ ಚುನಾವಣಾಪೂರ್ವ ಸಮೀಕ್ಷೆಗಳಿಗೆ ನಮ್ಮಲ್ಲಿರುವಂಥ ಮೌನದ ಅವಧಿ ಇಲ್ಲಿಲ್ಲ.

ಕೈ ಹಿಡಿದು ನಡೆಸುವ ವಿಷಯದಲ್ಲಿ ಈ ಬಾರಿ ಒಂದು ವಿಚಿತ್ರ ನಡೆದಿದೆ. ರಕ್ಷಣಾ ಸಚಿವ ಗ್ರಾಂಟ್ ಶಾಪ್ಸ್ ಜೂನ್ ಎರಡನೇ ವಾರದಲ್ಲೇ ಲೇಬರ್‌ಗೆ ಮಿತಿಮೀರಿದ ಬಹುಮತ ಕೊಡಬೇಡಿ ಎಂದು ಬೇಡಿಕೊಂಡರು. ಆಳುವ ಪಕ್ಷದ ಸಚಿವರೊಬ್ಬರು ಮತದಾನಕ್ಕೆ ಮೂರು ವಾರ ಮೊದಲೇ ಸೋಲನ್ನು ಒಪ್ಪಿಕೊಂಡು, ಅದರ ಪ್ರಮಾಣದ ಬಗ್ಗೆ ಚೌಕಾಶಿಗಿಳಿದದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಇದರ ಪರಿಣಾಮ ಅವರು ಬಯಸಿದಂತೆಯೇ ಆಗುತ್ತದೆಂದು ಹೇಳಲಾಗದು. ಲೇಬರ್ ಗೆದ್ದೇ ಗೆಲ್ಲುತ್ತದೆ ಎಂದಾದರೆ, ಲೇಬರ್ ನಾಯಕ ಸ್ಟಾರ್ಮರ್ ಅಷ್ಟಾಗಿ ಹಿಡಿಸದ ಎಡಪಂಥೀಯರು ನಿಶ್ಚಿಂತೆಯಿಂದ ಗ್ರೀನ್ ಪಕ್ಷಕ್ಕೋ ಪಕ್ಷೇತರರಿಗೋ ಹಾಕಬಹುದು, ಕೆಲವರು ಮನೆಯಲ್ಲೇ ಉಳಿಯಬಹುದು. ಮತದಾನ ಕಡಿಮೆಯಾದರೆ ನನಗೆ ಆಶ್ಚರ್ಯವಿಲ್ಲ.

ಅಂಕಿಗಾರ | 3 ಜುಲೈ 2024

ಯೂಗವ್ ಕೊನೆಯ ಅಂದಾಜು ಸಂಜೆ ಬಂದಿದೆ: ಲೇಬರ್ 431, ಕನ್ಸರ್ವೇಟಿವ್ 102, ಲಿಬರಲ್ ಡೆಮಾಕ್ರಾಟ್ 72, ಎಸ್‌ಎನ್‌ಪಿ 18, ರಿಫಾರ್ಮ್ 3. ಸರ್ವೇಶನ್ ಲೇಬರ್‌ಗೆ 484, ಕನ್ಸರ್ವೇಟಿವ್‌ಗೆ 64 ಕೊಟ್ಟಿದೆ. ರಾಷ್ಟ್ರಮಟ್ಟದ ಸಮೀಕ್ಷೆಗಳ ಸರಾಸರಿಯಲ್ಲಿ ಲೇಬರ್ ಶೇ 39ರ ಸುಮಾರು, ಕನ್ಸರ್ವೇಟಿವ್ 22ರ ಸುಮಾರು, ರಿಫಾರ್ಮ್ 16ರ ಸುಮಾರು. ಲೇಬರ್ ತಿಂಗಳ ಹಿಂದಿದ್ದಕ್ಕಿಂತ ನಾಲ್ಕೈದು ಅಂಶ ಇಳಿದಿದೆ. ಆದರೂ ಸ್ಥಾನಗಳ ಅಂದಾಜು ಇಳಿದಿಲ್ಲ.

ಕ್ಲೈಡ್ ತೀರ | 4 ಜುಲೈ 2024, ರಾತ್ರಿ 10.20

ಹತ್ತು ಗಂಟೆಯ ಮತಗಟ್ಟೆ ಸಮೀಕ್ಷೆಯ ಅಂಕಿ: ಲೇಬರ್ 410, ಕನ್ಸರ್ವೇಟಿವ್ 131, ಲಿಬರಲ್ ಡೆಮಾಕ್ರಾಟ್ 61, ರಿಫಾರ್ಮ್ 13, ಎಸ್‌ಎನ್‌ಪಿ 10. ಹತ್ತು! ಸ್ಕಾಟ್ಲೆಂಡಿನ ಅಂಕಿಯಲ್ಲಿ ಅನಿಶ್ಚಿತತೆ ಹೆಚ್ಚಿದೆ ಎಂದು ಕರ್ಟಿಸ್ ಹೇಳುತ್ತಿದ್ದಾರೆ. ಬೆಳಗಿನವರೆಗೆ ಎದ್ದಿರುತ್ತೇನೆ.

ಥೇಮ್ಸ್ ದಂಡೆ | 7 ಜುಲೈ 2024

ಇನ್ವರ್ನೆಸ್‌ನ ಮರುಎಣಿಕೆಯೂ ಮುಗಿದು ನಿನ್ನೆ ಪೂರ್ಣ ಚಿತ್ರ ಬಂದಿದೆ. ಸ್ಪೀಕರ್ ಬಿಟ್ಟು ಲೇಬರ್ 411, ಕನ್ಸರ್ವೇಟಿವ್ 121, ಲಿಬರಲ್ ಡೆಮಾಕ್ರಾಟ್ 72, ಎಸ್‌ಎನ್‌ಪಿ 9, ರಿಫಾರ್ಮ್ 5, ಗ್ರೀನ್ 4, ವೇಲ್ಸಿನ ಪ್ಲೈಡ್ ಕಮ್ರಿ 4. ಸುನಕ್ ತಮ್ಮ ಕ್ಷೇತ್ರವನ್ನು ಹನ್ನೆರಡು ಸಾವಿರಕ್ಕೂ ಹೆಚ್ಚು ಮತಗಳಿಂದ ಉಳಿಸಿಕೊಂಡಿದ್ದಾರೆ, ಹುಬ್ಬಳ್ಳಿಯವರು ನಿರಾಳವಾಗಬಹುದು. ನಮ್ಮ ಅರ್ಲಿ ಮತ್ತು ವುಡ್ಲಿಯಲ್ಲಿ ಲೇಬರ್ ಸಾವಿರಕ್ಕೂ ಕಡಿಮೆ ಅಂತರದಲ್ಲಿ ಗೆದ್ದಿದೆ, ವೋಕಿಂಗ್‌ಹ್ಯಾಮ್ ಲಿಬರಲ್ ಡೆಮಾಕ್ರಾಟರ ಪಾಲಾಗಿದೆ.

ಈಗ ಮತಪ್ರಮಾಣ ನೋಡಿ. ಲೇಬರ್‌ಗೆ ಬಂದದ್ದು ಶೇ 33.7. ಒಟ್ಟು ಮತ ಸುಮಾರು 97 ಲಕ್ಷ. 2019ರಲ್ಲಿ ಹೀನಾಯವಾಗಿ ಸೋತು 202 ಸ್ಥಾನಕ್ಕಿಳಿದಾಗ ಇದೇ ಪಕ್ಷ ಒಂದು ಕೋಟಿಗೂ ಹೆಚ್ಚು ಮತ ಪಡೆದಿತ್ತು. ಶೇ 12.2 ಪಡೆದ ಲಿಬರಲ್ ಡೆಮಾಕ್ರಾಟರಿಗೆ 72 ಸ್ಥಾನ, ಶೇ 14.3 ಪಡೆದ ರಿಫಾರ್ಮ್‌ಗೆ 5. ಮತದಾನ ಶೇ 60ರ ಆಸುಪಾಸು, 2001ರ ನಂತರ ಅತಿ ಕಡಿಮೆ.

ಲೆಸ್ಟರ್ ನಿವಾಸಿ | 7 ಜುಲೈ 2024

ದೇಶವಿಡೀ ಕನ್ಸರ್ವೇಟಿವ್ ಪಕ್ಷ ಎದುರಾಳಿಯಿಂದ ಕಿತ್ತುಕೊಂಡದ್ದು ಒಂದೇ ಒಂದು ಕ್ಷೇತ್ರ, ಅದು ಲೆಸ್ಟರ್ ಈಸ್ಟ್. ಲೆಸ್ಟರ್ ಸೌತ್‌ನಲ್ಲಿ ಆ್ಯಶ್‌ವರ್ತ್ ಪಕ್ಷೇತರರ ಎದುರು ಸೋತರು. ನಕ್ಷೆಯಲ್ಲಿ ಎರಡೂ ಕೆಂಪಾಗಿದ್ದವು.

ಅಂಕಿಗಾರ | 7 ಜುಲೈ 2024

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸಮೀಕ್ಷೆಗಳು ಉತ್ತರ ಐರ್ಲೆಂಡನ್ನು ಸೇರಿಸುವುದಿಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿದರೂ ಲೇಬರ್‌ಗೆ ಸಿಕ್ಕಿದ್ದು ಶೇ 35ರ ಒಳಗೆ, ಕನ್ಸರ್ವೇಟಿವ್‌ಗೆ 24ರ ಮೇಲೆ. ಕೊನೆಯ ಸಮೀಕ್ಷೆಗಳ ಸರಾಸರಿ ಮುನ್ನಡೆ ಸುಮಾರು 17 ಅಂಶವಿತ್ತು, ಬಂದದ್ದು ಹತ್ತರ ಆಸುಪಾಸು. ಅಂದರೆ ಏಳು ಅಂಶಗಳ ತಪ್ಪು, 2015ರಷ್ಟೇ ದೊಡ್ಡದು. ಅಂದು ತನಿಖಾ ಸಮಿತಿ ಕೂತಿತ್ತು. ಇಂದು ಗೆದ್ದ ಪಕ್ಷ ಬದಲಾಗದ ಕಾರಣ ಯಾರೂ ಕೇಳುತ್ತಿಲ್ಲ, ಸಮೀಕ್ಷೆ ಮಾಡಿದವರು ಟಿವಿ ಚರ್ಚೆಗಳಲ್ಲಿ ಬೆನ್ನು ತಟ್ಟಿಸಿಕೊಳ್ಳುತ್ತಿದ್ದಾರೆ.

ಹಳೆಯ ಓದುಗ | 7 ಜುಲೈ 2024

ಬೆನ್ನು ತಟ್ಟಿಸಿಕೊಳ್ಳಲಿ. ಮುಂದಿನ ಬಾರಿಯ ಲೆಕ್ಕ ಈಗಲೇ ಶುರುವಾಗಿದೆ: ರಿಫಾರ್ಮ್ 98 ಕ್ಷೇತ್ರಗಳಲ್ಲಿ ಎರಡನೇ ಸ್ಥಾನದಲ್ಲಿದೆ, ಅವುಗಳಲ್ಲಿ 89 ಲೇಬರ್ ಗೆದ್ದವು. ಅಂಕಿಗಾರರು ಹೇಳಿದ, ಹೋಲಿಸಲು ಹಳೆಯ ಅಂಕಿ ಇಲ್ಲವೆಂಬ ಕೊರತೆ ಇನ್ನು ಇರುವುದಿಲ್ಲ. ಆ 89 ಕ್ಷೇತ್ರಗಳಲ್ಲಿ ಲೇಬರ್ ಗೆಲುವಿನ ಅಂತರ ಎಷ್ಟೆಷ್ಟಿದೆ ಎಂದು ಯಾರಾದರೂ ಪಟ್ಟಿ ಮಾಡಿ ಹಾಕಿದರೆ ಚರ್ಚೆಯನ್ನು ಅಲ್ಲಿಂದ ಮುಂದುವರಿಸೋಣ.